ನೀರು ಕೇಳುವ ಕಾರು

ಆಗುಂಬೆ, ಚಾರ್ಮಾಡಿ, ಶಿರಾಡಿ ಘಟ್ಟಗಳಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಡರ್ ಕಾರು ಒಂದು ಕಾಲಕ್ಕೆ ಮೈಲುಗಲ್ಲಿನಷ್ಟೇ ಸಾಮಾನ್ಯವಾಗಿತ್ತು. ರೇಡಿಯೇಟರಿನಿಂದ ಹಬೆ ಏಳುತ್ತಿರುತ್ತಿತ್ತು. ಚಾಲಕ ರಸ್ತೆ ಬದಿಯ ತೊರೆಯಿಂದ ಕ್ಯಾನಿನಲ್ಲಿ ನೀರು ಹಿಡಿದು ತರುತ್ತಿದ್ದ. ಪ್ರಯಾಣಿಕರು ಇಳಿದು, ಮಕ್ಕಳಿಗೆ ತಿಂಡಿಯ ಡಬ್ಬಿ ಬಿಚ್ಚಿ ಕೊಟ್ಟು, ಕಾರು ತಣಿಯುವುದನ್ನು ಕಾಯುತ್ತಿದ್ದರು. ಅರ್ಧ ಗಂಟೆಯ ಬಳಿಕ ಪ್ರಯಾಣ ಮುಂದುವರಿಯುತ್ತಿತ್ತು. ಇದನ್ನು ಯಾರೂ ಕಾರು ಕೆಟ್ಟಿತು ಎಂದು ಹೇಳುತ್ತಿರಲಿಲ್ಲ. ಎತ್ತಿಗೆ ನೀರು ಕುಡಿಸುವುದು ಹೇಗೋ ಹಾಗೆ, ಕಾರಿಗೆ ನೀರು ಹಾಕುವುದು ದಾರಿಯ ಕೆಲಸಗಳಲ್ಲಿ ಒಂದಾಗಿತ್ತು.

ಆ ಅಭ್ಯಾಸ ಇನ್ನೂ ಹೋಗಿಲ್ಲ. ಕಡಿಮೆ ಬೆಲೆಗೆ ಸಿಕ್ಕ ಹದಿನೈದು ಇಪ್ಪತ್ತು ವರ್ಷದ ಹಳೆಯ ಕಾರು ಬಿಸಿಯಾದಾಗ ಇಂದಿಗೂ ಮೊದಲು ನೆನಪಾಗುವುದು ನೀರಿನ ಬಾಟಲಿಯೇ. ಆದರೆ ಅಂಬಾಸಡರಿಗೆ ಔಷಧವಾಗಿದ್ದ ಅದೇ ನೀರು ಈ ಕಾರಿನ ಇಂಜಿನ್ನನ್ನು ಮೆಲ್ಲಗೆ ತಿಂದುಹಾಕುತ್ತದೆ. ಕೆಲವೊಮ್ಮೆ ಕಾರಿಗೆ ಕೊಟ್ಟ ಬೆಲೆಯಷ್ಟೇ ದೊಡ್ಡ ರಿಪೇರಿಗೆ ದಾರಿ ಮಾಡಿಕೊಡುತ್ತದೆ. ಇದು ಏಕೆ ಎಂದು ತಿಳಿಯಬೇಕಾದರೆ ಕಾರಿಗೂ ನೀರಿಗೂ ಇರುವ ನಂಟಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕುದಿಸಿ ತಣಿಸುವ ಕಾಲ

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯೆಲ್ಲ ಚಕ್ರಕ್ಕೆ ಸಲ್ಲುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಭಾಗ ಮಾತ್ರ ಕಾರನ್ನು ಓಡಿಸುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಹೊರಬೀಳುತ್ತದೆ. ಉಳಿದ ಪಾಲು ಇಂಜಿನ್ನಿನ ಲೋಹಕ್ಕೇ ಇಳಿಯುತ್ತದೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅಂದರೆ ಶಾಖವನ್ನು ಎಡೆಬಿಡದೆ ಹೊರಗೆ ಸಾಗಿಸದಿದ್ದರೆ ಇಂಜಿನ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿ ಇದಕ್ಕೆ ಅತ್ಯಂತ ಸರಳ ಉಪಾಯವಿತ್ತು. ಸಿಲಿಂಡರಿನ ಸುತ್ತ ನೀರು. ಅದು ಕುದಿದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ತುಂಬಬೇಕಾಗಿತ್ತು. ಇದು ದಡ್ಡತನದ ಏರ್ಪಾಡೇನೂ ಅಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖಕ್ಕಿಂತ, ಕುದಿಯುತ್ತಿರುವ ಆ ನೀರನ್ನು ಪೂರ್ತಿ ಆವಿಯಾಗಿಸಲು ಆರು ಪಟ್ಟಿಗೂ ಹೆಚ್ಚು ಶಾಖ ಬೇಕು. ಆವಿಯಾಗಿ ಹೋಗುವ ನೀರು ಅಷ್ಟು ಶಾಖವನ್ನು ಹೊತ್ತೊಯ್ಯುತ್ತಿತ್ತು. ತೊಂದರೆಯೆಂದರೆ ನೀರಿನ ಖರ್ಚು. 1888ರ ಆಗಸ್ಟಿನಲ್ಲಿ ಬೆಂಜ್‌ನ ಪತ್ನಿ ಬರ್ತಾ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿದಳು. ಇಂಧನಕ್ಕಾಗಿ ವೀಸ್ಲೋಕ್ ಊರಿನ ಔಷಧದಂಗಡಿಯಲ್ಲಿ ನಿಂತದ್ದು ಪ್ರಸಿದ್ಧವಾಗಿದೆ. ಆದರೆ ನೀರಿಗಾಗಿ ಅವರು ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಲ್ಲಬೇಕಾಯಿತು. ಮೋಟಾರು ವಾಹನದ ಮೊದಲ ದೂರಪ್ರಯಾಣವೇ ನೀರು ಹುಡುಕುವ ಪ್ರಯಾಣವೂ ಆಗಿತ್ತು.

ಅದೇ ನೀರನ್ನು ತಣಿಸಿ ಮತ್ತೆ ಮತ್ತೆ ಬಳಸುವ ದಾರಿಯನ್ನು ಗಟ್ಟಿಮಾಡಿದವನು ವಿಲ್ಹೆಲ್ಮ್ ಮೇಬಾಕ್. 1900ರ ಕೊನೆಯಲ್ಲಿ ಡೈಮ್ಲರ್ ಕಂಪನಿಯಲ್ಲಿ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಆತ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಆರು ಮಿಲಿಮೀಟರ್ ಚೌಕದ 8,070 ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸೆಯಲಾಗಿತ್ತು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಿನ ಕಿರಿದಾದ ಸಂದಿನಲ್ಲಿ ನೀರು. ಹಿಂದೆ ಗಾಳಿ ಎಳೆಯುವ ಫ್ಯಾನು. ಇದರಿಂದ ಕಾರಿಗೆ ಬೇಕಾದ ನೀರು 18 ಲೀಟರಿನಿಂದ 9 ಲೀಟರಿಗೆ ಇಳಿಯಿತು. ಕಾರಿನ ಮುಖದಲ್ಲಿ ಜಾಲರಿ ಬಂದದ್ದು ಅಂದಕ್ಕಾಗಿ ಅಲ್ಲ, ಈ ಜೇನುಗೂಡಿಗೆ ಗಾಳಿ ಬೇಕಾಗಿತ್ತು ಎಂಬ ಕಾರಣಕ್ಕೆ.

ಮುಂದಿನ ಪ್ರಶ್ನೆ ನೀರನ್ನು ಸುತ್ತಿಸುವುದು ಹೇಗೆ ಎಂಬುದು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಆರಂಭದ ಕೆಲವನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಬಚ್ಚಲುಮನೆಯ ಹಂಡೆಯಲ್ಲಿ ತಳದ ನೀರು ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಅದೇ ತತ್ವದಲ್ಲಿ ಇಂಜಿನ್ನಿನ ಬಿಸಿನೀರು ರೇಡಿಯೇಟರಿನ ತಲೆಗೆ ಏರಿ, ತಣಿದು, ಕೆಳಗಿನಿಂದ ಮರಳುತ್ತಿತ್ತು. ಸಪಾಟು ರಸ್ತೆಗೆ ಇದು ಸಾಕಾಗುತ್ತಿತ್ತು. ಉದ್ದನೆಯ ಏರಿನಲ್ಲಿ ಸಾಕಾಗುತ್ತಿರಲಿಲ್ಲ. ಇಂಜಿನ್ನುಗಳ ಶಕ್ತಿ ಹೆಚ್ಚಿದಂತೆ ಪಂಪು ಅನಿವಾರ್ಯವಾಯಿತು. ಇಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಎಂಬ ಬಾಗಿಲೂ ಬಂತು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಮೇಣ ಕರಗಿ ಹಿಗ್ಗುವ ಗುಣವನ್ನು ಬಳಸಿ ಈ ಬಾಗಿಲು ತಾನಾಗಿಯೇ ತೆರೆಯುವಂತೆ ಮಾಡಿದ. ಇಂದಿಗೂ ಬಹುತೇಕ ಕಾರುಗಳಲ್ಲಿ ಇರುವುದು ಆ ಮೇಣದ ಬಾಗಿಲೇ.

ಕುಕ್ಕರಿನ ಮುಚ್ಚಳ

ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮೇಲೆ ಹೋದಂತೆ ಬೇಗ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 2,200 ಮೀಟರಿಗೂ ಎತ್ತರದ ಊಟಿಯಲ್ಲಿ 93 ಡಿಗ್ರಿಯ ಆಸುಪಾಸಿಗೆ ಕುದಿ ಬರುತ್ತದೆ. ಮೈಸೂರಿನಿಂದ ಮಸಿನಗುಡಿ, ಕಲ್ಲಟ್ಟಿ ಮಾರ್ಗವಾಗಿ ಊಟಿಗೆ ಹತ್ತುವ ಹಳೆಯ ಕಾರು ಎರಡು ಕಡೆಯಿಂದ ಸಿಕ್ಕಿಬೀಳುತ್ತಿತ್ತು: 36 ಕಡಿದಾದ ತಿರುವುಗಳಲ್ಲಿ ಇಂಜಿನ್ ಹೆಚ್ಚು ಶಾಖ ಉಗುಳುತ್ತಿತ್ತು, ಅದನ್ನು ಹೊರಬೇಕಾದ ನೀರು ಮೊದಲಿಗಿಂತ ಬೇಗ ಕುದಿಯುತ್ತಿತ್ತು.

ಇದಕ್ಕೆ ಪರಿಹಾರ ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ವವೇ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚಿದರೆ ನೀರು ಕುದಿಯುವುದು ತಡವಾಗುತ್ತದೆ. ಒತ್ತಡ ಎರಡು ಪಟ್ಟಾದರೆ ಕುದಿಯುವ ಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಸ್ಪ್ರಿಂಗ್ ಇರುವ ಒತ್ತಡದ ಮುಚ್ಚಳ ಎರಡನೇ ಮಹಾಯುದ್ಧದ ನಂತರ ಕಾರುಗಳಲ್ಲಿ ಸಾಮಾನ್ಯವಾಯಿತು. ಹಳೆಯ ಕಾರುಗಳಲ್ಲಿ ಈ ಒತ್ತಡ ಕಡಿಮೆ ಇತ್ತು, ಈಚಿನ ಕಾರುಗಳಲ್ಲಿ ವಾತಾವರಣದ ಒತ್ತಡದಷ್ಟೇ ಇನ್ನೊಂದು ಒತ್ತಡ ಸೇರಿರುತ್ತದೆ. ಬಿಸಿ ಕಾರಿನ ಮುಚ್ಚಳ ತೆರೆಯಬಾರದು ಎಂಬುದರ ಕಾರಣವೂ ಇಲ್ಲಿದೆ. 110 ಡಿಗ್ರಿಯಲ್ಲಿ ಕುದಿಯದೆ ಸುಮ್ಮನಿದ್ದ ನೀರು, ಮುಚ್ಚಳ ತೆಗೆದು ಒತ್ತಡ ಬಿಟ್ಟ ಕ್ಷಣದಲ್ಲೇ ಹಬೆಯಾಗಿ ಚಿಮ್ಮುತ್ತದೆ. ಮುಖ, ಕೈ ಬೆಂದುಹೋಗುವುದು ಹೀಗೆಯೇ.

ಚಳಿ ದೇಶಗಳಲ್ಲಿ ಇನ್ನೊಂದು ಸಮಸ್ಯೆ ಇತ್ತು. ನೀರು ಹೆಪ್ಪುಗಟ್ಟಿ ಹಿಗ್ಗಿ ಇಂಜಿನ್ನನ್ನೇ ಸೀಳುತ್ತಿತ್ತು. ಮೊದಲು ಮದ್ಯಸಾರ ಬೆರೆಸಿ ನೋಡಿದರು. ಅದು ಬಿಸಿಗೆ ಹಾರಿಹೋಗುತ್ತಿತ್ತು. 1927ರಲ್ಲಿ ಅಮೆರಿಕದಲ್ಲಿ ಎಥಿಲೀನ್ ಗ್ಲೈಕಾಲ್ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಹೆಪ್ಪುಗಟ್ಟುವುದು ತಪ್ಪುವುದಷ್ಟೇ ಅಲ್ಲ, ಕುದಿಯುವ ಬಿಂದುವೂ ಆರೇಳು ಡಿಗ್ರಿ ಏರುತ್ತದೆ. ಜತೆಗೆ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಸೇರಿಸಿ ಮಾರುವ ಈ ದ್ರವವೇ ಇಂದಿನ ಕೂಲೆಂಟ್. ಹಿಮ ಬೀಳದ ಕರ್ನಾಟಕದಲ್ಲಿ ಇದರ ಅಗತ್ಯವೇನು ಎಂದು ದಶಕಗಳ ಕಾಲ ಜನ ಅಂದುಕೊಂಡದ್ದು ಸಹಜವೇ. ಆದರೆ ಇಲ್ಲಿ ಅದರ ಮುಖ್ಯ ಕೆಲಸ ಚಳಿ ತಡೆಯುವುದಲ್ಲ, ಲೋಹ ಕಾಯುವುದು.

ಅಂಬಾಸಡರಿನ ತಾಳ್ಮೆ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪವಾದ ಅಂಬಾಸಡರ್, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇಟಲಿಯ ಫಿಯಟ್ 1100 ಕಾರಿನ ಭಾರತೀಯ ರೂಪವಾದ ಪ್ರೀಮಿಯರ್ ಪದ್ಮಿನಿ ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಒಂದೇ ಕಾರು ಕೈಯಿಂದ ಕೈಗೆ ದಾಟುತ್ತ ಎರಡು ಮೂರು ದಶಕ ಬಾಳುತ್ತಿತ್ತು. ಹಳೆಯ ಕಾರನ್ನು ಸಾಕುವ ವಿದ್ಯೆ ಆ ಅನಿವಾರ್ಯದಿಂದಲೇ ಬೆಳೆಯಿತು.

ಆ ವಿದ್ಯೆ ಬದುಕಿದ್ದಕ್ಕೆ ಕಾರಿನ ರಚನೆಯೂ ಕಾರಣ. ಬಹುಕಾಲ ಅಂಬಾಸಡರಿಗೆ ಶಕ್ತಿ ಕೊಟ್ಟ 1,489 ಸಿಸಿ ಇಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ. ಒಮ್ಮೆ ಕುದಿದರೆ ಕೆಡುವ ವಸ್ತು ಅದಲ್ಲ. ಫ್ಯಾನು, ನೀರಿನ ಪಂಪು ಒಂದೇ ದಂಡದ ಮೇಲೆ. ಅವೆರಡನ್ನೂ ಡೈನಮೋವನ್ನೂ ತಿರುಗಿಸುವುದು ಒಂದೇ ಬೆಲ್ಟು. ಬೆಲ್ಟು ಕಡಿದರೆ ಚಾರ್ಜಿನ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಅದನ್ನು ಕಂಡ ಅನುಭವಿ ಚಾಲಕ ಬ್ಯಾಟರಿಗಿಂತ ಮೊದಲು ನೀರಿನ ಚಿಂತೆ ಮಾಡಿ ಕಾರು ನಿಲ್ಲಿಸುತ್ತಿದ್ದ. ರೇಡಿಯೇಟರಿನ ಕೊಳವೆ ತಾಮ್ರ, ತೊಟ್ಟಿ ಹಿತ್ತಾಳೆ. ತೂತಾದರೆ ಸೀಸ, ತವರದ ಬೆಸುಗೆ ಹಾಕಬಹುದಾಗಿತ್ತು. ಕಟ್ಟಿಕೊಂಡರೆ ತೊಟ್ಟಿಯನ್ನು ಬಿಚ್ಚಿ, ಕೊಳವೆಗಳೊಳಗೆ ಸಪಾಟಾದ ಕಂಬಿ ತೂರಿಸಿ ಕಸ ತೆಗೆದು, ಮತ್ತೆ ಬೆಸೆಯಬಹುದಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಮತ್ತು ಪ್ರತಿ ಜಿಲ್ಲಾ ಕೇಂದ್ರದ ಗ್ಯಾರೇಜುಗಳ ಸಾಲಿನಲ್ಲಿ ರೇಡಿಯೇಟರಿನ ಕೆಲಸವನ್ನೇ ಮಾಡಿ ಬದುಕಿದವರು ಇದ್ದರು.

ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಉಪಾಯವೂ ಆ ಕಾಲದ್ದೇ. ನೀರಿನಲ್ಲಿ ನೆನೆದು ಉಬ್ಬಿದ ಪುಡಿ ಸೂಜಿಮೊನೆಯಷ್ಟು ತೂತಿಗೆ ಹೋಗಿ ಕಚ್ಚಿಕೊಳ್ಳುತ್ತಿತ್ತು. ಮುಂದಿನ ಊರು ಮುಟ್ಟಲು ಅಷ್ಟು ಸಾಕು. ಆದರೆ ತೂತನ್ನು ಮುಚ್ಚುವ ಪುಡಿಗೆ ಕೊಳವೆ ಯಾವುದು, ತೂತು ಯಾವುದು ಎಂಬ ವಿವೇಕವಿಲ್ಲ. ಬೆಸುಗೆಯ ಖರ್ಚು ಉಳಿಸಲು ಅರಿಶಿನವನ್ನೇ ನೆಚ್ಚಿಕೊಂಡ ಕಾರುಗಳ ರೇಡಿಯೇಟರ್ ಕೆಲಕಾಲದಲ್ಲೇ ಒಳಗಿಂದ ಕಟ್ಟಿಕೊಳ್ಳುತ್ತಿತ್ತು.

ಬಿಸಿಯಿಂದ ಕಾರು ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಇಂಜಿನ್ನಿಗೆ ಅಂಟಿಕೊಂಡಿದ್ದ ಪೆಟ್ರೋಲ್ ಪಂಪು ಕಾದು, ಅದರೊಳಗಿನ ಪೆಟ್ರೋಲು ಆವಿಯಾಗಿ, ಪೂರೈಕೆ ನಿಂತುಹೋಗುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಕಾರು ಹೊರಡುತ್ತಿತ್ತು. ಇದು ನೀರಿನ ದೋಷವಲ್ಲ. ಆದರೂ ಎರಡನ್ನೂ ಕಾರು ಬಿಸಿಯಾಯಿತು ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದುದರಿಂದ ಥರ್ಮೋಸ್ಟಾಟ್ ಅನಗತ್ಯವಾಗಿ ಅಪರಾಧಿಯಾಯಿತು. ನಮ್ಮ ಸೆಕೆಗೆ ಅದು ಬೇಡ ಎಂದು ಕಿತ್ತೆಸೆಯುವುದು ಗ್ಯಾರೇಜುಗಳ ರೂಢಿಯಾಯಿತು. ಅದಿಲ್ಲದ ಇಂಜಿನ್ ಹದಕ್ಕೆ ಬರಲು ತಡವಾಗುತ್ತದೆ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಸ್ಕೂಟರಿನಿಂದ ಕಾರಿಗೆ

1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. 2014ರಲ್ಲಿ ತಯಾರಿಕೆ ನಿಲ್ಲುವವರೆಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದರ ಬಳಿಕ ಬಂದ ಸಣ್ಣ ಕಾರುಗಳೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು. ಇಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ. ಫ್ಯಾನು ಬೆಲ್ಟಿನದಲ್ಲ, ವಿದ್ಯುತ್ತಿನದು. ನೀರು ನಿಗದಿತ ಬಿಸಿ ಮುಟ್ಟಿದಾಗ ಒಂದು ಸ್ವಿಚ್ಚು ಅದನ್ನು ಚಾಲೂ ಮಾಡುತ್ತದೆ. ಹಿಗ್ಗಿದ ನೀರು ರಸ್ತೆಗೆ ಚೆಲ್ಲದೆ ಪ್ಲಾಸ್ಟಿಕ್ ಡಬ್ಬಿಗೆ ಹೋಗಿ, ಇಂಜಿನ್ ತಣಿದ ಮೇಲೆ ಮರಳುತ್ತದೆ. ಮುಂದಿನ ವರ್ಷಗಳಲ್ಲಿ ರೇಡಿಯೇಟರೂ ಅಲ್ಯೂಮಿನಿಯಂ ಕೊಳವೆ, ಪ್ಲಾಸ್ಟಿಕ್ ತೊಟ್ಟಿಯದಾಯಿತು. ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಬೆಸುಗೆ ನಿಲ್ಲುವುದಿಲ್ಲ; ಹೊಸದನ್ನೇ ಹಾಕಬೇಕು. ಬೆಸುಗೆಯವರ ಕೆಲಸ ಕಡಿಮೆಯಾದದ್ದು ಹೀಗೆ.

ಈ ಕಾರುಗಳನ್ನು ಕೊಂಡವರಲ್ಲಿ ಹೆಚ್ಚಿನವರು ಸ್ಕೂಟರಿನಿಂದ, ಬೈಕಿನಿಂದ ಬಂದವರು. ಆ ಕಾಲದ ಸ್ಕೂಟರಿಗೆ, ಬುಲೆಟ್ಟಿಗೆ, ಆಟೋರಿಕ್ಷಾಕ್ಕೆ ನೀರಿನ ಗೊಡವೆಯೇ ಇರಲಿಲ್ಲ; ಅವುಗಳ ಇಂಜಿನ್ ತಣಿಸುವುದು ಗಾಳಿ. ಹೀಗಾಗಿ ನೀರಿನ ವಿಷಯದಲ್ಲಿ ಅವರಿಗೆ ಸಿಕ್ಕಿದ ತಿಳಿವಳಿಕೆಯೆಲ್ಲ ಅಂಬಾಸಡರ್ ಚಾಲಕರದ್ದು: ಬಿಸಿಯಾದರೆ ನಿಲ್ಲಿಸು, ನೀರು ಹಾಕು, ಮುಂದೆ ಹೋಗು. ಹಳೆಯ ಉಪದೇಶ ಹೊಸ ಯಂತ್ರಕ್ಕೆ ಹೊಂದಲಿಲ್ಲ.

ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದ ಹೆಡ್ಡು ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟು ಸಂದು ಬಿಡುತ್ತದೆ. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಬಿರುಕೂ ಬಿಡಬಹುದು. ಆಮೇಲೆ ಉರಿಯುವ ಅನಿಲ ನೀರಿಗೆ ನುಗ್ಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ, ಕೆಲವೊಮ್ಮೆ ಆಯಿಲಿಗೆ ಬೆರೆತು ಅದನ್ನು ಹಾಲು ಬೆರೆಸಿದ ಕಾಫಿಯಂತೆ ಮಾಡುತ್ತದೆ. ಇಷ್ಟಾಗಲು ದಿನಗಳು ಬೇಡ. ಇನ್ನೇನು ಊರು ಬಂತು ಎಂದು ಬಿಸಿ ಇಂಜಿನ್ನನ್ನೇ ಓಡಿಸಿಕೊಂಡು ಹೋದ ಹತ್ತು ನಿಮಿಷ ಸಾಕು. ಇನ್ನೊಂದು ಮೋಸವೂ ಇದೆ. ಉಷ್ಣತೆ ಅಳೆಯುವ ಸಾಧನ ನೀರಿನಲ್ಲಿ ಮುಳುಗಿದ್ದರಷ್ಟೇ ಸರಿಯಾಗಿ ಅಳೆಯುತ್ತದೆ. ನೀರೆಲ್ಲ ಹೋದ ಮೇಲೆ ಮುಳ್ಳು ಕೆಳಗಿಳಿಯಬಹುದು; ಕಾರು ತಣಿಯಿತು ಎಂದು ಚಾಲಕ ನೆಮ್ಮದಿಯಿಂದ ಓಡಿಸುತ್ತಾನೆ.

ಬರಿಯ ನೀರಿನ ಕೆಡುಕು ಇದಕ್ಕಿಂತ ನಿಧಾನದ್ದು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಪದರ ರೇಡಿಯೇಟರಿನ ಕಿರಿದಾದ ಕೊಳವೆಗಳಲ್ಲೂ ಕಟ್ಟುತ್ತದೆ. ತುಕ್ಕು ತಡೆಯುವ ರಾಸಾಯನಿಕ ಇಲ್ಲದ ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸವೆಯುತ್ತವೆ. ಪ್ರತಿ ಸಲ ನೀರು ಸೇರಿಸಿದಾಗಲೂ ಕೂಲೆಂಟ್ ತೆಳುವಾಗುತ್ತದೆ, ಹೊಸ ಸುಣ್ಣ ಒಳಗೆ ಬರುತ್ತದೆ.

ಎಲ್ಲಿಗೆ ಹೋಯಿತು ನೀರು?

ಎರಡು ಕಾಲಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ. ಬೆಂಜ್‌ನ ವಾಹನಕ್ಕೆ ನೀರು ಇಂಧನದಂತೆ ಖರ್ಚಾಗುವ ವಸ್ತುವಾಗಿತ್ತು. ಅಂಬಾಸಡರಿನಲ್ಲಿ ಅದು ಸ್ವಲ್ಪ ಸ್ವಲ್ಪ ಖರ್ಚಾಗುತ್ತಿತ್ತು. ಮುಚ್ಚಿದ ವ್ಯವಸ್ಥೆಯ ಕಾರಿನಲ್ಲಿ ಅದು ಕಾಣುವಷ್ಟು ಖರ್ಚಾಗಲೇಬಾರದು. ವಾರಕ್ಕೊಮ್ಮೆ ನೀರು ಕೇಳುವ ಕಾರಿಗೆ ಇರುವುದು ಬಾಯಾರಿಕೆಯಲ್ಲ, ಗಾಯ. ಎಷ್ಟು ನೀರು ಹಾಕಬೇಕು ಎಂಬುದಕ್ಕಿಂತ, ಹಾಕಿದ ನೀರು ಎಲ್ಲಿಗೆ ಹೋಯಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಅದಕ್ಕೆ ಉತ್ತರವನ್ನು ಕಾರೇ ಕೊಡುತ್ತದೆ. ಊರೊಳಗಿನ ದಟ್ಟಣೆಯಲ್ಲಿ ಬಿಸಿಯಾಗಿ, ಹೆದ್ದಾರಿಯಲ್ಲಿ ಓಡುವಾಗ ತಣಿದರೆ ದೋಷ ಫ್ಯಾನಿನಲ್ಲೋ ಅದರ ಸ್ವಿಚ್ಚಿನಲ್ಲೋ ಇರುವ ಸಂಭವ ಹೆಚ್ಚು; ಓಡುವಾಗ ಗಾಳಿ ತಾನಾಗಿಯೇ ಸಿಗುತ್ತದೆ. ಊರಲ್ಲಿ ಸರಿಯಿದ್ದು ಏರಿನಲ್ಲಿ, ವೇಗದಲ್ಲಿ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಸವೆದ ಪಂಪನ್ನು ಶಂಕಿಸಬೇಕು. ನಿಂತ ಕಾರಿನ ಕೆಳಗೆ ಹನಿ ಬಿದ್ದಿದ್ದರೆ ರಬ್ಬರ್ ಕೊಳವೆ, ಪಂಪು, ರೇಡಿಯೇಟರನ್ನು ನೋಡಬೇಕು. ಕೆಳಗೆ ಹನಿಯೂ ಇಲ್ಲ, ಮೇಲೆ ನೀರೂ ಇಲ್ಲ ಎಂದಾದರೆ ಅದು ಇಂಜಿನ್ನಿನೊಳಗೆ ಸುಟ್ಟುಹೋಗುತ್ತಿದೆ. ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಬೇಕಾದದ್ದು ಆಗ. ಮುಚ್ಚಳದ ರಬ್ಬರು ಒಣಗಿದ್ದರೂ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಎಲ್ಲಕ್ಕಿಂತ ಅಗ್ಗದ ಭಾಗ ಅದು. ಹಳೆಯ ಕಾರಿನಲ್ಲಿ ಮೊದಲು ಬದಲಿಸಿ ನೋಡಬೇಕಾದದ್ದೂ ಅದೇ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ ಮೊದಲು ಎಸಿ ನಿಲ್ಲಿಸಬೇಕು. ಹೀಟರ್ ಇದ್ದರೆ ಪೂರ್ತಿ ತೆರೆಯಬೇಕು; ಸೆಕೆಯಾದರೂ ಅದು ಇಂಜಿನ್ನಿನ ಶಾಖವನ್ನು ಎಳೆಯುವ ಇನ್ನೊಂದು ಪುಟ್ಟ ರೇಡಿಯೇಟರ್. ಆದಷ್ಟು ಬೇಗ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಮುಚ್ಚಳವನ್ನು ಅರ್ಧ ಗಂಟೆಗೂ ಹೆಚ್ಚು ಮುಟ್ಟಬಾರದು. ಕೈ ಇಟ್ಟರೆ ಬಿಸಿ ತಾಗದಷ್ಟು ತಣಿದ ಮೇಲೆಯೇ ದಪ್ಪ ಬಟ್ಟೆ ಹಿಡಿದು ತೆರೆಯಬೇಕು. ಬೇರೇನೂ ಸಿಗದಿದ್ದರೆ ಬರಿಯ ನೀರನ್ನೇ ಹಾಕಿ ಗ್ಯಾರೇಜು ಮುಟ್ಟುವುದರಲ್ಲಿ ತಪ್ಪಿಲ್ಲ. ಅದನ್ನು ಅಲ್ಲಿಗೇ ಬಿಟ್ಟು ಮರೆಯುವುದು ತಪ್ಪು. ಹಳೆಯ ಕೂಲೆಂಟನ್ನು ಅಂಗಳಕ್ಕೆ ಚೆಲ್ಲುವುದೂ ಅಪಾಯ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ನಾಯಿ ನೆಕ್ಕಿದರೂ ಮಗು ಬಾಯಿಗೆ ಹಾಕಿಕೊಂಡರೂ ಪ್ರಾಣಕ್ಕೆ ಸಂಚಕಾರ.

ಹಳೆಯ ಕಾರು ಕೊಳ್ಳಲು ಹೋಗುವವರು ಸಾಮಾನ್ಯವಾಗಿ ನೋಡುವುದು ಬಣ್ಣ, ಟೈರು, ಓಡಿದ ಕಿಲೋಮೀಟರು. ಬಣ್ಣ ಹೊಸದಾಗಿ ಬಳಿಯಬಹುದು, ಟೈರು ಬದಲಿಸಬಹುದು, ಕಿಲೋಮೀಟರನ್ನು ತಿದ್ದುವವರೂ ಇದ್ದಾರೆ. ರೇಡಿಯೇಟರಿನೊಳಗಿನ ಬಣ್ಣವನ್ನು ಮುಚ್ಚಿಡುವುದು ಅಷ್ಟು ಸುಲಭವಲ್ಲ. ಬೆಳಿಗ್ಗೆ, ಮಾರುವವರು ಕಾರು ಚಾಲೂ ಮಾಡುವ ಮೊದಲೇ ಹೋಗಿ, ತಣ್ಣಗಿರುವ ಇಂಜಿನ್ನಿನ ಮುಚ್ಚಳ ತೆರೆದು ನೋಡಬೇಕು. ಹಸಿರೋ ಕೆಂಪೋ ತಿಳಿಯಾದ ದ್ರವ ಕಂಡರೆ ಆ ಕಾರನ್ನು ಯಾರೋ ಅಕ್ಕರೆಯಿಂದ ನೋಡಿಕೊಂಡಿದ್ದಾರೆ. ಕೆಮ್ಮಣ್ಣಿನ ಬಣ್ಣದ ನೀರು ಕಂಡರೆ ವರ್ಷಗಳ ಕಾಲ ಬರಿಯ ನೀರೇ ಗತಿಯಾಗಿತ್ತು ಎಂದರ್ಥ. ಇಂಜಿನ್ ಚಾಲೂ ಮಾಡಿದ ಕೂಡಲೇ ಗುಳ್ಳೆಗಳು ಬಿಡದೆ ಮೇಲೇಳುತ್ತಿದ್ದರೆ, ಬೆಲೆ ಎಷ್ಟೇ ಕಡಿಮೆ ಹೇಳಿದರೂ ಮನೆಗೆ ಮರಳುವುದೇ ಲಾಭ. ಮೊದಲ ಕಾರಿಗೆಂದು ಉಳಿಸಿದ ಹಣ ಸಾಮಾನ್ಯ ಕುಟುಂಬಕ್ಕೆ ಸಣ್ಣದಲ್ಲ. ಆ ಹಣ ಉಳಿಯುವುದೋ ಕರಗುವುದೋ ಎಂಬುದು ಬಹಳ ಸಲ ಈ ಐದು ನಿಮಿಷದ ನೋಟದಲ್ಲಿ ತೀರ್ಮಾನವಾಗುತ್ತದೆ.